ಬೀರಪ್ಪ ಮಾಸ್ತರರ ಬಲಗೈ

ಕೊಟ್ಟೂರಿಗೆ ಬಂದು ದೊಡ್ಡಬೀರಪ್ಪ ಎಲ್ಲಿದ್ದಾರೆ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಖೊಖೊ ಮಾಸ್ತರ ಎನ್ನಿ, ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಕರಿಯುವವನೂ ಜಾಲರಿ ಕೆಳಗಿಟ್ಟು ಎದ್ದು ಬಂದು ಮನೆಯ ದಾರಿ ತೋರಿಸುತ್ತಾನೆ. ಅವನೂ ಒಂದು ಕಾಲಕ್ಕೆ ಅವರಿಂದ ಬೈಸಿಕೊಂಡವನೇ. ಮಾಸ್ತರರು ಗುಡೇಕೋಟೆ ಕಡೆಯ ಕುರಿಗಾರರ ಮನೆಯಲ್ಲಿ ಹುಟ್ಟಿದ ಮನುಷ್ಯ. ಹೈಸ್ಕೂಲಿನ ಡ್ರಿಲ್ ಮಾಸ್ತರರಾಗಿ ಬಂದು, ಒಂದೇ ಮೈದಾನದಲ್ಲಿ ನೌಕರಿಯನ್ನೆಲ್ಲ ಸವೆಸಿ, ಅಲ್ಲಿಂದಲೇ ನಿವೃತ್ತರಾದರು. ಶಾಲು ಹೊದಿಸಿ ಹಾರ ಹಾಕಿ ಕಳಿಸಿದ ಮರುದಿನ ಬೆಳಿಗ್ಗೆ ನೋಡಿದರೆ, ಸೀಟಿ ಕೊರಳಿಗೆ ಹಾಕಿಕೊಂಡು ಮತ್ತೆ ಅಲ್ಲೇ ನಿಂತಿದ್ದಾರೆ! "ನೌಕರಿ ಮುಗಿದೈತಿ, ಆಟ ಎಲ್ಲಿ ಮುಗಿದೈತಿ?" ಎಂದರಂತೆ.

ಅವರಿಗೆ ಮಕ್ಕಳಾಗಲಿಲ್ಲ. ಹೆಂಡತಿ ಭರಮಮ್ಮ ಅದಕ್ಕಾಗಿ ಸುತ್ತದ ಗುಡಿಯಿಲ್ಲ. ಮಾಸ್ತರರು ಮಾತ್ರ ಆಟದ ಹುಡುಗ ಹುಡುಗಿಯರನ್ನು ಮನೆ ತುಂಬ ಕೂಡಿಸಿಕೊಂಡು, "ಇಷ್ಟು ಮಕ್ಕಳು ಯಾವ ಪುಣ್ಯಾತ್ಮಗ ಅದಾವ ಹೇಳು" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದರು. ಬಾಯಿ ಜೋರು, ಮನಸ್ಸು ಮೆತ್ತಗೆ. ಆದರೆ ಆಟದ ವಿಷಯದಲ್ಲಿ ಮನಸ್ಸೂ ಮೆತ್ತಗಿರಲಿಲ್ಲ. ಚೆನ್ನಾಗಿ ಆಗದ್ದನ್ನು ಯಾರ ಮೋರೆ ನೋಡಿಯೂ ಚೊಲೋ ಆತು ಎಂದವರಲ್ಲ.

ಖೊಖೊ ಅಂಕಣದ ಎರಡು ತುದಿಗೂ ಒಂದೊಂದು ಕಂಬ ಇರುತ್ತದೆ. ಬೆನ್ನಟ್ಟುವವನು ಓಟದ ವೇಗ ತಗ್ಗಿಸದೆ ಕಂಬವನ್ನು ಒಂದೇ ಕೈಯಲ್ಲಿ ಹಿಡಿದು, ಮೈಯನ್ನು ಅದರ ಸುತ್ತ ಬೀಸಿ, ಆಚೆ ಬದಿಯಲ್ಲಿ ಓಡುತ್ತಿರುವವನನ್ನು ಮುಟ್ಟಬೇಕು. ನೋಡುವವರಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಕಲಿಯುವವರಿಗೆ ಮೊಣಕೈ ಮೊಣಕಾಲಿನ ಚರ್ಮವೆಲ್ಲ ಮಣ್ಣಿನ ಪಾಲು. ಈ ತಿರುವನ್ನು ಕಲಿಸುವುದರಲ್ಲಿ ಬೀರಪ್ಪ ಮಾಸ್ತರರ ಹೆಸರು ಹಡಗಲಿ, ಹಗರಿಬೊಮ್ಮನಹಳ್ಳಿ ದಾಟಿ ಹೋಗಿತ್ತು.

ಯೂಸುಫ್ ಸಾಬರ ಮಗ ಅಸ್ಲಂ ಎಂಟನೇ ತರಗತಿಯಲ್ಲಿದ್ದಾಗ ಈ ತಿರುವು ಬಾರದೆ ಅತ್ತುಬಿಟ್ಟಿದ್ದ. ಕಂಬ ಹಿಡಿದರೆ ಕಾಲು ತಪ್ಪುತ್ತಿತ್ತು, ಕಾಲು ನೆನಪಿಟ್ಟುಕೊಂಡರೆ ಕೈ ಜಾರುತ್ತಿತ್ತು. ಗೆಳೆಯರಿಗೆ ಕನಿಕರ ಬಂದು, ಒಬ್ಬ ರಟ್ಟೆ ಹಿಡಿದು, ಇನ್ನೊಬ್ಬ ಸೊಂಟ ಹಿಡಿದು ಅವನನ್ನು ಕಂಬದ ಸುತ್ತ ತಿರುಗಿಸತೊಡಗಿದರು. ಮಾಸ್ತರರು ಆಚೆ ತುದಿಯಿಂದಲೇ ಗುಡುಗಿದರು.

"ಲೇ, ಬಿಡ್ರಲೇ ಅವನ್ನ! ನೀವು ಹಿಡಿದು ತಿರುಗಿಸಿದ್ರ ಅವನ ಮೈ ತಿರುಗತೈತಿ, ತಲಿ ಕುಂತಲ್ಲೇ ಕುಂದರತೈತಿ. ಬೀಳ್ಲಿ ಅವ. ತಲಿ ಒಂದು ಹೇಳತೈತಿ, ಕೈ ಇನ್ನೊಂದು ಮಾಡತೈತಿ. ಎಷ್ಟು ತಪ್ಪಿತು ಅಂತ ತಲಿಗೆ ತಿಳಿದ್ರ ಮುಂದಿನ ಸಲ ಅಷ್ಟು ತಿದ್ದಿ ಹೇಳತೈತಿ. ತಪ್ಪಾಕ ಬಿಡಲಿಲ್ಲ ಅಂದ್ರ ಏನ್ ಕಲೀತೈತಿ, ಸುಡುಗಾಡು!"

ಅಸ್ಲಂ ಬಿದ್ದ, ಎದ್ದ, ಮತ್ತೆ ಬಿದ್ದ. ಸಂಜೆ ಹೊತ್ತು ಇಳಿಯುವಾಗ ಒಮ್ಮೆ, ಒಂದೇ ಒಂದು ಸಲ, ಮೈ ಸರಕ್ಕನೆ ಕಂಬ ಸುತ್ತಿ ಆಚೆ ಬಂತು. ಇನ್ನೊಮ್ಮೆ ಮಾಡುತ್ತೇನೆಂದು ಹುಡುಗ ಕುಣಿದರೆ ಮಾಸ್ತರರು ಬಿಡಲಿಲ್ಲ. "ಮನಿಗೆ ಹೋಗು. ಉಂಡು ಮಲಕ್ಕೋ. ಕಲಿತದ್ದು ನಿದ್ದ್ಯಾಗ ಗಟ್ಟಿ ಆಗತೈತಿ" ಎಂದರು. ಮರುದಿನ ಬೆಳಿಗ್ಗೆ ಬಂದು ಹಿಡಿದರೆ, ಹಿಂದಿನ ದಿನ ಬಿಟ್ಟದ್ದಕ್ಕಿಂತ ಚೆನ್ನಾಗಿ ಬಂತು! ತಿಂಗಳು ಕಳೆಯುವಷ್ಟರಲ್ಲಿ ಕಾಲು, ಕೈ, ಸೊಂಟ ಎಂದು ಬೇರೆ ಬೇರೆ ನೆನಪಿಡುವ ಗೊಡವೆಯೇ ಉಳಿಯಲಿಲ್ಲ. ಅಸ್ಲಂ ಜಿಲ್ಲೆಗೆ ಆಡಿದ, ಆಮೇಲೆ ಕೂಡ್ಲಿಗಿ ರಸ್ತೆಯಲ್ಲಿ ಬೈಕ್ ರಿಪೇರಿ ಅಂಗಡಿ ಹಾಕಿದ. ಅವನ ಜೊತೆಗೇ ಕಲಿತ ದುರ್ಗಾದೇವಿ ಹರಪನಹಳ್ಳಿ ತಾಲೂಕಿನ ಅರಸೀಕೆರೆಯಲ್ಲಿ ತಾನೇ ಡ್ರಿಲ್ ಟೀಚರ್ ಆದಳು. ಮಾಸ್ತರರಿಗೆ ಅವರಿಬ್ಬರೂ ಎರಡು ಕಣ್ಣು.

ಹಿಂದಿನ ವರ್ಷ ಚಳಿ ಕಡಿಮೆಯಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಮಾಸ್ತರರು ಬೂಟಿನ ಲೇಸು ಕಟ್ಟಲು ಬಾಗಿದರು. ಎಡಗೈ ಲೇಸಿನ ಒಂದು ತುದಿ ಹಿಡಿಯಿತು. ಬಲಗೈ ಬರಲಿಲ್ಲ. ಪಕ್ಕದಲ್ಲೇ ಜೋತಾಡುತ್ತಿತ್ತು, ತಮ್ಮದಲ್ಲ ಎನ್ನುವ ಹಾಗೆ. ಗಾಬರಿಯಾಗಿ ಹೆಂಡತಿಯನ್ನು ಕೂಗಿದರೆ ಬಾಯಿಂದ ಹೊರಟದ್ದು ಒಂದೇ ಸದ್ದು. "ಲೇ."

ಮದುವೆಯಾದಾಗಿನಿಂದ ಒಮ್ಮೆಯೂ ಅವಳನ್ನು ಹಾಗೆ ಕರೆದವರಲ್ಲ. ಒಲೆಯ ಮುಂದಿದ್ದ ಭರಮಮ್ಮ ಸಿಟ್ಟಿನಿಂದಲೇ ಎದ್ದು ಬಂದಳು. "ಏನ್ರಿ ಇದು, ಮುಂಜಾನೆದ್ದು ಲೇ ಅಂತ..." ಎಂದವಳು ವಾಲಿದ ಮೋರೆ ಕಂಡು ಚೀರಿಕೊಂಡಳು.

ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದವನು ಅಸ್ಲಂ. ತಲೆಯ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮಾತಿನಲ್ಲಿ ಉಳಿದದ್ದು ಆ "ಲೇ" ಒಂದೇ. ನೀರು ಬೇಕಾದರೂ ಲೇ, ನೋವಾದರೂ ಲೇ. ಆದರೆ ಕೇಳಿದ್ದೆಲ್ಲ ತಿಳಿಯುತ್ತಿತ್ತು, ಒಳಗೆ ಯೋಚನೆಯೆಲ್ಲ ನೆಟ್ಟಗಿತ್ತು. ಅದೇ ಶಿಕ್ಷೆ.

ಮನೆಗೆ ಕಳಿಸುವ ದಿನ ವ್ಯಾಯಾಮ ಮಾಡಿಸುವ ಹುಡುಗಿ ಬಂದು ಮೂರು ಮಾತು ಹೇಳಿದಳು. ಕೈಗೆ ದಿನವೂ ವ್ಯಾಯಾಮ ಆಗಬೇಕು. ಮೊದಲ ಕೆಲವು ತಿಂಗಳೇ ಮುಖ್ಯ. ಅವರ ಕೆಲಸ ಅವರೇ ಮಾಡಿಕೊಳ್ಳಲಿಕ್ಕೆ ಬಿಡಿ, ಎಷ್ಟು ಕಷ್ಟವಾದರೂ ಬಿಡಿ. ಅಸ್ಲಂ ಮೂರಕ್ಕೂ ತಲೆಯಾಡಿಸಿದ. ಮೊದಲ ಎರಡು ಮಾತು ಅವನ ಎದೆಯಲ್ಲಿ ಕೂತವು. ಮೂರನೆಯದು ಹರಪನಹಳ್ಳಿ ದಾಟುವಷ್ಟರಲ್ಲಿ ಗಾಳಿಗೆ ಹೋಯಿತು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದ ಮಾಸ್ತರರಿಗೆ ಮಾತ್ರ ಆ ಮೂರನೆಯದೇ ಕಿವಿಯಲ್ಲಿ ಉಳಿದಿತ್ತು. ಇದು ತಾವು ಜೀವಮಾನವಿಡೀ ಮಾಡಿಸಿದ ಕೆಲಸವೇ ಅಲ್ಲವೇ? ತಲೆ ಹೇಳಬೇಕು, ಕೈ ತಪ್ಪಬೇಕು, ತಲೆ ತಿದ್ದಬೇಕು. ಕಂಬದ ತಿರುವು ಕಲಿಸಿದವನಿಗೆ ಲೋಟ ಎತ್ತುವುದು ಯಾವ ದೊಡ್ಡದು ಎಂದುಕೊಂಡರು.

ದೊಡ್ಡದಾಗಿರಲಿಲ್ಲವೇನೋ, ಬಿಟ್ಟಿದ್ದರೆ.

ಸುದ್ದಿ ತಿಳಿದದ್ದೇ ತಡ, ಹಳೆಯ ಶಿಷ್ಯರೆಲ್ಲ ಬಂದು ತುಂಬಿಕೊಂಡರು. ಕೊಟ್ಟೂರಿನ ಮಂದಿಗೆ ಗುರುಸೇವೆ ಹೇಳಿಕೊಡಬೇಕೆ? ಪಾಳಿ ಹಾಕಿಕೊಂಡರು. ಒಬ್ಬ ಸ್ನಾನ ಮಾಡಿಸಲಿಕ್ಕೆ, ಒಬ್ಬ ಗಡ್ಡ ತೆಗೆಯಲಿಕ್ಕೆ, ಒಬ್ಬ ಪಂಚೆ ಉಡಿಸಲಿಕ್ಕೆ. ತೋಳು ತನ್ನಷ್ಟಕ್ಕೆ ಅಂಗಿಯೊಳಗೆ ಹೋಗುತ್ತದೆಯೋ ಎಂದು ಮಾಸ್ತರರು ಕಣ್ಣು ಮುಚ್ಚಿ ಭುಜಕ್ಕೆ ಹೇಳಿ ನೋಡುವಷ್ಟರಲ್ಲಿ, ಅಂಗಿ ತೊಡಿಸಿ ಗುಂಡಿಯೂ ಹಾಕಿ ಮುಗಿದಿರುತ್ತಿತ್ತು. "ಮಾಸ್ತರ್‍ನ ಹೂವಿನಂಗ ನೋಡ್ಕೊಳ್ಳಾಕ ಹತ್ಯಾರ" ಎಂದು ಓಣಿ ಹೊಗಳಿತು.

ಅಸ್ಲಂ ಅಂತೂ ಅಂಗಡಿಯ ಬಾಗಿಲು ತೆರೆಯುವ ಮುಂಚೆ ಒಮ್ಮೆ, ಮುಚ್ಚಿದ ಮೇಲೆ ಒಮ್ಮೆ ಬರುತ್ತಿದ್ದ. ಎಣ್ಣೆ ಬೆಚ್ಚಗೆ ಮಾಡಿ, ಮಾಸ್ತರರ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ, ಕೆಳಕ್ಕೆ, ಮಡಿಚಿ, ಬಿಚ್ಚಿ, ಬೆರಳೊಂದೊಂದನ್ನೂ ನೀವಿ ವ್ಯಾಯಾಮ ಮಾಡಿಸುತ್ತಿದ್ದ. ಕೈ ಎತ್ತುತ್ತಿದ್ದವನು ಅಸ್ಲಂ. ಮಾಸ್ತರರ ತಲೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಅವರು ಒಳಗಿಂದ ಕೈಗೆ ಹೇಳಿ ಅದು ಏನಾದರೂ ಕೇಳಿತೋ ಎಂದು ಕಾಯುವುದರೊಳಗೆ ಆ ಗಟ್ಟಿಮುಟ್ಟಾದ ಹುಡುಗ ಎತ್ತಿ ಇಳಿಸಿಬಿಡುತ್ತಿದ್ದ. "ಲೇ... ಲೇ!" ಎಂದರೆ, "ನೋವಾತೇನ್ ಸರ್? ಸಾವಕಾಶ ಮಾಡ್ತೀನಿ ತಡೀರಿ" ಎನ್ನುತ್ತಿದ್ದ. ಲೇ, ಬಿಡೋ, ನಾನು ಎತ್ತುತ್ತೇನೆ! ಇಷ್ಟೇ ಮಾತು. ಮೈದಾನದಲ್ಲಿ ಸಾವಿರ ಸಲ ಕೂಗಿದ ಮಾತು. ಎದೆಯ ತನಕ ಬಂದು ಅಲ್ಲೇ ಸಾಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಮಾಸ್ತರರ ವಿದ್ಯೆ ಮಾಸ್ತರರ ಮನೆಯಲ್ಲೇ ನಡೆಯಲಿಲ್ಲ.

ಊಟದ ವಿಷಯದಲ್ಲಿ ಒಮ್ಮೆ ಹಟ ಹಿಡಿದರು. ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿಟ್ಟ ತಾಟಿಗೆ ಬಲಗೈಯನ್ನು ಎಡಗೈಯಿಂದ ತಂದಿಟ್ಟುಕೊಂಡು, ಬೆರಳು ಮಡಿಚಲು ನೋಡಿದರು. ಬೆರಳು ಮಡಿಯಲಿಲ್ಲ, ತಾಟು ಮಗುಚಿತು. ಹಾಲು ಎದೆಯ ಮೇಲೆ, ಹಾಸಿಗೆಯ ಮೇಲೆ ಹರಿಯಿತು. ಅದೇ ಹೊತ್ತಿಗೆ ನೋಡಲು ಬಂದ ನೆಂಟರು ಬಾಗಿಲಲ್ಲಿ ನಿಂತಿದ್ದರು. ಭರಮಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹೆಂಡತಿ ಎದುರಿಗೆ ಇದ್ದೂ ಗಂಡ ಹೀಗೆ ಮೈಮೇಲೆ ಚೆಲ್ಲಿಕೊಂಡು ಉಂಡ ಎಂದರೆ ಆ ಸೀಮೆಯಲ್ಲಿ ಹೆಂಗಸಿನ ಮಾನ ಉಳಿಯುವುದಿಲ್ಲ.

"ನಾ ಸತ್ತೀನೇನ್ರಿ?" ಎಂದು ಅತ್ತಳು. "ನಾ ಇರೂತನಕ ನಿಮ್ಮ ಕೈ ತಾಟಿಗೆ ಹೋಗಬಾರದು ನೋಡ್ರಿ, ನನ್ನಾಣಿ ಐತಿ."

ಆಣೆ ಹಾಕಿದ ಮೇಲೆ ಮುಗಿಯಿತು. ತುತ್ತು ಬಾಯಿಗೇ ಬರತೊಡಗಿತು. ಮಾಸ್ತರರು ಹಲ್ಲು ಕಚ್ಚಿ ಮೋರೆ ತಿರುಗಿಸುತ್ತಿದ್ದರು. ಹಸಿವು ಹೆಚ್ಚಾದಾಗ, ಬೇರೆ ದಾರಿಯಿಲ್ಲದೆ, ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದರು.

ಆದರೂ ಆಟಗಾರ ಸುಮ್ಮನೆ ಕೂರುತ್ತಾನೆಯೇ! ಮಧ್ಯಾಹ್ನ ಊಟವಾದ ಮೇಲೆ ಭರಮಮ್ಮ ಒಂದು ಜೊಂಪು ನಿದ್ದೆ ತೆಗೆಯುತ್ತಿದ್ದಳು. ಪಾಳಿಯವರು ಆ ಹೊತ್ತು ಇರುತ್ತಿರಲಿಲ್ಲ. ಆಗ ಮಾಸ್ತರರು ಎಡಗೈಯಿಂದ ಸ್ಟೀಲಿನ ಲೋಟವನ್ನು ಎಳೆದು ಬಲಗೈಯ ಪಕ್ಕ ಇಟ್ಟುಕೊಂಡು ಕಲಿಯಲು ಕೂರುತ್ತಿದ್ದರು. ಹೆಬ್ಬೆರಳೇ, ಆಚೆ ಸರಿ ಎಂದು ಹೇಳುವುದು. ಕಾಯುವುದು. ಮತ್ತೆ ಹೇಳುವುದು. ಮೊದಮೊದಲು ಹೆಬ್ಬೆರಳು ಬಿಟ್ಟು ಭುಜ ಅಲುಗುತ್ತಿತ್ತು, ಮೋರೆ ಸೊಟ್ಟಗಾಗುತ್ತಿತ್ತು, ಕೆಲವೊಮ್ಮೆ ಸುಮ್ಮನಿದ್ದ ಎಡಗೈ ಬೆರಳು ಆಡುತ್ತಿತ್ತು. ಮಾಸ್ತರರಿಗೆ ಬೇಸರವಾಗಲಿಲ್ಲ. ಹೊಸದಾಗಿ ಕಂಬಕ್ಕೆ ಬಂದ ಹುಡುಗರೂ ಹೀಗೆಯೇ, ಕೈಗೆ ಹೇಳಿದರೆ ನಾಲಿಗೆ ಹೊರಗೆ ಹಾಕುತ್ತಿದ್ದರು.

ಒಂದು ಮಧ್ಯಾಹ್ನ ಹೆಬ್ಬೆರಳು ಅಲುಗಿತು. ಜೋಳದ ಕಾಳಿನಷ್ಟು. ಮಾಸ್ತರರು ಉಸಿರು ಬಿಗಿಹಿಡಿದು ಇನ್ನೊಮ್ಮೆ ಹೇಳಿದರು, ಇನ್ನೊಮ್ಮೆ ಅಲುಗಿತು. ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ನಿಲ್ಲಿಸಿ ಕಣ್ಣು ಮುಚ್ಚಿ ಮಲಗಿಬಿಟ್ಟರು, ಶಿಷ್ಯರಿಗೆ ಹೇಳಿದ ಹಾಗೆಯೇ. ಎದ್ದು ನೋಡಿದರೆ ಹೆಬ್ಬೆರಳು ಇನ್ನೂ ಸಲೀಸಾಗಿ ಮಾತು ಕೇಳಿತು. ಒಂದೆರಡು ವಾರದಲ್ಲಿ ಉಳಿದ ಬೆರಳೂ ಸೇರಿ ಲೋಟದ ಸುತ್ತ ಮೆಲ್ಲಗೆ ಕೂಡಿದವು. ಎತ್ತಿದರು. ಹಾಸಿಗೆಯಿಂದ ಒಂದು ಗೇಣು ಮೇಲೆ ಬಂದ ಲೋಟ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು.

ಭರಮಮ್ಮ ಎದ್ದುಬಿದ್ದು ಓಡಿ ಬಂದಳು. "ನೀರು ಬೇಕಿತ್ತೇನ್ರಿ? ಕರೀಬಾರದಾ!" ಎಂದು ಲೋಟ ತೊಳೆದು ನೀರು ತಂದು ಬಾಯಿಗೆ ಹಿಡಿದಳು. ಮಾಸ್ತರರು ತಲೆ ಕೊಡವಿ, ಲೋಟ ತೋರಿಸಿ, ಕೈ ತೋರಿಸಿ, "ಲೇ, ಲೇ" ಎಂದರು. ಅವಳ ಎದುರಿಗೆ ಮಾಡಿ ತೋರಿಸಲು ಹೋದರು. ಹೊಸದಾಗಿ ಕಲಿತದ್ದು ನಾಲ್ಕು ಮಂದಿಯ ಕಣ್ಣೆದುರು ಕೈಕೊಡುತ್ತದೆ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇ? ಎಷ್ಟು ಹುಡುಗರು ಅಭ್ಯಾಸದಲ್ಲಿ ಹುಲಿಯಾಗಿದ್ದು ಪಂದ್ಯದಲ್ಲಿ ಕಂಬ ತಪ್ಪಿಸಿದ್ದರು! ಬೆರಳು ನಡುಗಿದವು, ಕೂಡಲಿಲ್ಲ. "ಇರಲಿ ಬಿಡ್ರಿ, ಸುಮ್ಮನ ದಣೀತೀರಿ" ಎಂದು ಅವಳು ಆ ಕೈಯನ್ನು ಎತ್ತಿ ದಿಂಬಿನ ಮೇಲೆ ಮಲಗಿಸಿ ಶಾಲು ಹೊದಿಸಿದಳು.

ಇನ್ನೂ ಕೆಲವು ದಿನ ಸಿಕ್ಕಿದ್ದರೆ ತೋರಿಸಿಯೇ ಬಿಡುತ್ತಿದ್ದರು. ಆದರೆ ಆ ಉಮೇದಿನಲ್ಲೇ ಅವರೊಂದು ತಪ್ಪು ಮಾಡಿದರು. ಮರುದಿನ ಮಧ್ಯಾಹ್ನ, ಕೈ ಬಂದ ಹಾಗೆ ಕಾಲೂ ಬರುತ್ತದೆಂದು, ಗೋಡೆ ಹಿಡಿದು ಎದ್ದು ಅಂಗಳದ ಬಾಗಿಲ ತನಕ ಹೋದರು. ಹೊಸ್ತಿಲು ದಾಟುವಾಗ ಬಲಗಾಲು ಮೇಲೇಳಲಿಲ್ಲ. ಬಿದ್ದರು.

ಪೆಟ್ಟೇನೂ ಜೋರಾಗಿರಲಿಲ್ಲ, ಹಣೆ ಒಂದಿಷ್ಟು ತರಚಿತ್ತು ಅಷ್ಟೇ. ಮಣ್ಣಿನ ಮೇಲೆ ಬಿದ್ದುಕೊಂಡೇ ಅವರು ಯಾವ ಕೈ ಊರಿ ಏಳಲಿ ಎಂದು ಲೆಕ್ಕ ಹಾಕುತ್ತಿದ್ದರು. ಭರಮಮ್ಮನ ಬೊಬ್ಬೆಗೆ ಓಣಿಗೆ ಓಣಿಯೇ ಬಂತು. ಅಸ್ಲಂ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿ ಬಂದು, ಕೂಸನ್ನು ಎತ್ತುವಂತೆ ಎತ್ತಿ ಒಳಗೆ ತಂದು ಮಲಗಿಸಿದ. ಅಂದಿನಿಂದ ಮಧ್ಯಾಹ್ನವೂ ಪಾಳಿ ಬಿತ್ತು. ಎದ್ದರೆ ಹಿಡಿಯಲಿಕ್ಕೆ, ಅಲುಗಿದರೆ ಕೇಳಲಿಕ್ಕೆ ಒಬ್ಬರಲ್ಲ ಒಬ್ಬರು ಮಂಚದ ಪಕ್ಕ ಕೂತೇ ಇರುತ್ತಿದ್ದರು. ಲೋಟ ಹೋಗಿ ನಳಿಕೆ ಇರುವ ಬಾಟಲಿ ಬಂತು. ಬಾಯಿ ತೆರೆದರೆ ಸಾಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ!

ಮಾಸ್ತರರು ಒಮ್ಮೆ ತಡೆಯಲಾರದೆ ಎಡಗೈಯಿಂದ ಅಸ್ಲಂನ ಕೆನ್ನೆಗೆ ಬಾರಿಸಿದರು. ಅವನು ಆ ಕೈ ಹಿಡಿದು ಕಣ್ಣಿಗೊತ್ತಿಕೊಂಡು, "ಹೊಡೀರಿ ಸರ್. ನೀವ ಹೊಡೀಲಿಲ್ಲ ಅಂದ್ರ ನನಗ ಯಾರು ಹೊಡೀಬೇಕು?" ಎಂದ. ಇಂಥವನಿಗೆ ಏನು ಮಾಡುತ್ತೀರಿ, ಹೇಳಿ.

ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ದಿಂಬಿನ ಮೇಲಿನ ಬಲಗೈ ಮೆಲ್ಲಮೆಲ್ಲಗೆ ಮೊಣಕೈಯಲ್ಲಿ ಮಡಿದು ಎದೆಗೆ ಅಂಟಿಕೊಂಡಿತು. ಬೆರಳು ಒಳಗೆ ಸುತ್ತಿ ಮುಷ್ಟಿ ಬಿಗಿಯಿತು. ಅಸ್ಲಂ ಎಣ್ಣೆ ಹಚ್ಚಿ ಬಿಚ್ಚಿ ಹೋದರೆ ಒಂದು ಗಳಿಗೆಯಲ್ಲಿ ಮತ್ತೆ ಮುಷ್ಟಿ.

ದುರ್ಗಾದೇವಿಗೆ ಈ ಎಲ್ಲ ತಿಂಗಳು ಬರಲಾಗಿರಲಿಲ್ಲ. ಬಸುರಿನಲ್ಲಿ ತೊಂದರೆಯಾಗಿ ಹಾಸಿಗೆ ಹಿಡಿದಿದ್ದಳು, ಆಮೇಲೆ ಬಾಣಂತನ. ಕೂಸು ಕತ್ತು ಎತ್ತುವಷ್ಟಾದ ಮೇಲೆ ಅದನ್ನೂ ಎತ್ತಿಕೊಂಡು ಕೊಟ್ಟೂರಿಗೆ ಬಂದಳು. ಮಾಸ್ತರರ ಕಾಲು ಮುಟ್ಟಿ, ಆ ಮುಷ್ಟಿ ನೋಡಿ, ಭರಮಮ್ಮ ಬಾಯಿಗೆ ತುತ್ತಿಡುವುದು ನೋಡಿ, ಬಾಟಲಿ ನೋಡಿ ಮಂಚದ ಪಕ್ಕ ಕೂತಳು. ಕೂಸನ್ನು ಚಾಪೆಯ ಮೇಲೆ ಮಲಗಿಸಿದ್ದಳು. ಅದು ತನ್ನ ಗಿಲಕಿಗೆ ಕೈ ಚಾಚುತ್ತಿತ್ತು. ಕೈ ಒಮ್ಮೆ ಆಚೆ, ಒಮ್ಮೆ ಈಚೆ ಬೀಳುತ್ತಿತ್ತು. ಅಲ್ಲೇ ಇದ್ದ ಅಸ್ಲಂ ಬಾಗಿ ಗಿಲಕಿ ತೆಗೆದು ಕೂಸಿನ ಕೈಗೆ ಕೊಡಲು ಹೋದ. ದುರ್ಗಾದೇವಿ ಅವನ ಕೈ ತಡೆದಳು.

"ಅಸ್ಲಂ ಅಣ್ಣಾ, ನಿನಗ ಕಂಬ ತಿರುಗೂದು ಸರ್ ಹೆಂಗ ಕಲಿಸಿದ್ರು? ಹಿಡಿದು ತಿರುಗಿಸಿದ್ರೇನು?"

"ಇಲ್ಲ. ಹಿಡದವರಿಗೆ ಬೈದ್ರು... ಬೀಳಾಕ ಬಿಟ್ರು..." ಎಂದವನ ಮಾತು ಅಲ್ಲೇ ನಿಂತಿತು. ಮಾಸ್ತರರ ಬಲಗೈ ಕಡೆ ನೋಡಿದ, ತನ್ನ ಎರಡು ಕೈ ನೋಡಿಕೊಂಡ.

ದುರ್ಗಾದೇವಿ ಒಳಗಿಂದ ಲೋಟ ತಂದು ಮಾಸ್ತರರ ಮುಂದಿಟ್ಟಳು. "ಯಾರೂ ಮುಟ್ಟಬ್ಯಾಡ್ರಿ. ಸರ್, ನೀವು ತಗೋರಿ."

ಮಾಸ್ತರರು ಅವಳನ್ನೇ ನೋಡಿದರು. ಇಷ್ಟು ದಿನ ಆಡಲಾಗದೆ ಉಳಿದ ಮಾತನ್ನು ಕೊನೆಗೂ ಒಬ್ಬರು ಕೇಳಿಸಿಕೊಂಡರು! ಹಣೆಯ ನರ ಉಬ್ಬುವ ಹಾಗೆ ಕೈಗೆ ಹೇಳಿದರು. ಭುಜ ನಡುಗಿತು, ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಹೆಬ್ಬೆರಳು ಆ ಮುಷ್ಟಿಯೊಳಗೆ ಸಿಕ್ಕಿಬಿದ್ದಿತ್ತು. ಬೆವರು ಕಿವಿಯ ಪಕ್ಕದಿಂದ ಇಳಿಯಿತು. ಬಹಳ ಹೊತ್ತಾದ ಮೇಲೆ ಅವರು ಬೆನ್ನು ಗೋಡೆಗೆ ಒರಗಿಸಿದರು.

"ಹೊತ್ತು ಮೀರಿಲ್ಲ ಸರ್. ದಿನಾ ಮಾಡೂಣು. ಸ್ವಲ್ಪಾದ್ರೂ ಬರತೈತಿ" ಎಂದಳು ದುರ್ಗಾದೇವಿ. ಅಸ್ಲಂಗೆ ಎಲ್ಲ ತಿಳಿಸಿ ಹೇಳಿ ಸಂಜೆಯ ಬಸ್ಸಿಗೆ ಹೋದಳು.

ಮರುದಿನದಿಂದ ಅಸ್ಲಂ ಎಣ್ಣೆ ತರಲಿಲ್ಲ. ಲೋಟ ಇಟ್ಟು, ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎದುರಿಗೆ ಕೂರುತ್ತಿದ್ದ. ಮಾಸ್ತರರು ಪ್ರಯತ್ನ ಮಾಡುತ್ತಿದ್ದರು. ಮುಷ್ಟಿ ಬಿಚ್ಚದೆ ಹೋದಾಗಲೆಲ್ಲ ಆ ಹುಡುಗನ ಮೋರೆಗೆ ಯಾರೋ ಬಾರಿಸಿದಂತಾಗುತ್ತಿತ್ತು. ಮೂರು ಮಕ್ಕಳ ತಂದೆ, ಹೆಂಗಸರ ಹಾಗೆ ಬಿಕ್ಕುತ್ತಿದ್ದ. ಅಂಗಡಿ ತೆರೆಯುವುದು ಬಿಟ್ಟ. ಊಟವೂ ಬಿಟ್ಟಿದ್ದಾನೆಂದು ಅವನ ಹೆಂಡತಿ ಕೌಸರ್ ಬಂದು ಭರಮಮ್ಮನ ಹತ್ತಿರ ಅತ್ತು ಹೋದಳು. ಮಾಸ್ತರರು ಮಂಚದ ಮೇಲಿಂದ ಎಲ್ಲ ಕೇಳಿಸಿಕೊಂಡರು.

ಅಂದು ಸಂಜೆ ಅಸ್ಲಂ ಮಂಚದ ಪಕ್ಕ ಮೊಣಕಾಲೂರಿ ಕೇಳಿಯೇಬಿಟ್ಟ. "ಸರ್, ನಾನ ಕೆಡಿಸಿದ್ನೇನ್ರಿ ನಿಮ್ಮ ಕೈನ? ಖರೇ ಹೇಳ್ರಿ."

ಖರೆ ಏನೆಂದು ಮಾಸ್ತರರಿಗೆ ಗೊತ್ತಿತ್ತು. ಆ ಮಧ್ಯಾಹ್ನದ ಹೆಬ್ಬೆರಳು ಗೊತ್ತಿತ್ತು, ಒಂದು ಗೇಣು ಎದ್ದ ಲೋಟ ಗೊತ್ತಿತ್ತು. ಅವರು ಅವನ ಕಣ್ಣಲ್ಲಿ ಕಣ್ಣಿಟ್ಟು ತಲೆಯನ್ನು ಅಡ್ಡಡ್ಡ ಆಡಿಸಿದರು. ಇಲ್ಲ. ಇನ್ನೊಮ್ಮೆ, ಜೋರಾಗಿ ಆಡಿಸಿದರು. ಆಮೇಲೆ ಎದುರಿಗಿದ್ದ ಲೋಟವನ್ನು ಎಡಗೈಯಿಂದ ದೂರ ಸರಿಸಿ, ಭರಮಮ್ಮ ಕಲಸಿಟ್ಟಿದ್ದ ತಾಟಿನ ಕಡೆ ತೋರಿಸಿ, ಬಾಯಿ ತೆರೆದರು.

ಅಸ್ಲಂ ಅಳುತ್ತಲೇ ತುತ್ತು ಇಟ್ಟ. ಮಾಸ್ತರರು ಅವನ ಮೋರೆ ನೋಡುತ್ತ ಅಗಿದು ನುಂಗಿದರು, ಮತ್ತೆ ಬಾಯಿ ತೆರೆದರು. ತಾಟು ಖಾಲಿಯಾಗುವ ತನಕ ಉಂಡರು. ಮರುದಿನ ಅಸ್ಲಂ ಅಂಗಡಿ ತೆರೆದ. ದುರ್ಗಾದೇವಿ ಆಮೇಲೆ ಎರಡು ಮೂರು ಸಲ ಬಂದು ಲೋಟ ಮುಂದಿಟ್ಟಳು. ಮಾಸ್ತರರು ಅದರ ಕಡೆ ನೋಡಲೇ ಇಲ್ಲ.

ಈಗ ಯಾರಾದರೂ ನೋಡಲು ಬಂದರೆ ಭರಮಮ್ಮ ಬಾಗಿಲಿಗೆ ಬಂದು ಸಮಾಧಾನದಿಂದ ಹೇಳುತ್ತಾಳೆ. "ಭಾಳ ಚೊಲೋ ಅದಾರ ನೋಡ್ರಿ ಈಗ. ಮೊದಲಿನಂಗ ಸಿಟ್ಟಿಲ್ಲ, ಹಟ ಇಲ್ಲ. ಕೊಟ್ಟಿದ್ದು ಉಣತಾರ."